ಬಿಪಿಗೆ ಕರೆಂಟಿನ ಸೂಜಿ: ಚುಚ್ಚಿಸಿಕೊಳ್ಳುವ ಮೊದಲು ಏನೇನು ಮಾಡಬೇಕು?

ಅಕ್ಯುಪಂಕ್ಚರ್ ಸೂಜಿ ಚುಚ್ಚಿ ಅದಕ್ಕೆ ಸಣ್ಣಗೆ ಕರೆಂಟ್ ಕೊಟ್ಟರೆ (ಎಲೆಕ್ಟ್ರೋ ಅಕ್ಯುಪಂಕ್ಚರ್ ಅನ್ನುತ್ತಾರೆ) ಬಿಪಿ ಇಳಿಯುತ್ತದಂತೆ, ಹೌದಾ? ಕೆಲವರಿಗೆ ಇಳಿಯುತ್ತದೆ, ಅದೂ ಸ್ವಲ್ಪ, ಅದೂ ನಿಧಾನಕ್ಕೆ. ಆ ಸ್ವಲ್ಪ ಇಳಿಕೆ ನಿಜವೋ ಸುಳ್ಳೋ ಅಂತ ಗೊತ್ತಾಗಬೇಕಾದರೆ ಮೊದಲು ಮನೆಯಲ್ಲಿ ಬಿಪಿ ನೋಡುವುದು ಸರಿಯಾಗಿ ಬರಬೇಕು. ಅಲ್ಲಿಂದಲೇ ಶುರು ಮಾಡೋಣ.

ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ಸಾಕು, ಮಣಿಕಟ್ಟಿನದ್ದು ಬೇಡ. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಬೀಡಿ ಯಾವುದೂ ಇಲ್ಲ, ತಂಬಾಕಿನ ಕವಳವಂತೂ ಬೇಡವೇ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ನೆ ಕೂರಿ. ಮಾತಾಡಬೇಡಿ. ಮಾತಾಡುತ್ತಾ ನೋಡಿದರೆ ಅಥವಾ ತೋಳು ಜೋತುಬಿದ್ದಿದ್ದರೆ ಹತ್ತು ಪಾಯಿಂಟ್‌ವರೆಗೂ ಜಾಸ್ತಿ ತೋರಿಸಬಹುದು, ಸೂಜಿಯಿಂದ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ! ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ ಒಂದು ವಾರ ಬರೆದಿಡಿ. ಮನೆಯ ಸರಾಸರಿ 135/85 ದಾಟಿದ್ದರೆ ಬಿಪಿ ಜಾಸ್ತಿ ಅಂತ ಲೆಕ್ಕ.

ಉಪ್ಪು ಕಡಿಮೆ ಮಾಡುವುದಿದ್ದರೂ ಈಗಲೇ ಮಾಡಿ. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣ ಬಂಗಡೆ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಕಷ್ಟವೇ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಾದರೂ ಬಿಪಿಗೆ ಉಪ್ಪು ಉಪ್ಪೇ. ಸೂಜಿ ಮತ್ತು ಪಥ್ಯ ಒಟ್ಟಿಗೇ ಶುರು ಮಾಡಿದರೆ ಯಾವುದರಿಂದ ಇಳಿಯಿತು ಅಂತ ಹೇಳುವುದು ಹೇಗೆ?

ಆಮೇಲೆ ಆ ಪಟ್ಟಿ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಪೇಸ್‌ಮೇಕರ್ ಇದ್ದರೆ ಕರೆಂಟಿನ ಸೂಜಿಯ ಆಸೆ ಬಿಡಿ. ಗರ್ಭಿಣಿಯಾಗಿದ್ದರೆ, ಫಿಟ್ಸ್ ಬರುತ್ತಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಈಗ ಸೂಜಿ ಏನು ಮಾಡುತ್ತದೆ ನೋಡೋಣ. ರಕ್ತನಾಳದ ಗೋಡೆಯಲ್ಲಿ ಸ್ನಾಯು ಇದೆ. ಅದನ್ನು ಬಿಗಿ ಮಾಡಿಸುವುದು ಸಿಂಪಥೆಟಿಕ್ ನರಗಳು, ಹೆದರಿಕೆಯಾದಾಗ ಎದೆ ಹೊಡೆದುಕೊಳ್ಳುವುದೂ ಅವುಗಳಿಂದಲೇ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಹಿಂಡಿದರೆ ಒಳಗೆ ಒತ್ತಡ ಏರುವುದಿಲ್ಲವಾ, ಹಾಗೆಯೇ ಇದು. ಈ ನರಗಳಿಗೆ ಆದೇಶ ಹೋಗುವುದು ಮೆದುಳಿನ ಬುಡದಲ್ಲಿರುವ ಪುಟ್ಟ ಜಾಗದಿಂದ, ವಿಜ್ಞಾನಿಗಳು ಅದನ್ನು ಆರ್‌ವಿಎಲ್‌ಎಂ ಅನ್ನುತ್ತಾರೆ. ಮಣಿಕಟ್ಟಿನ ಒಳಬದಿಗೆ, ಸ್ವಲ್ಪ ಮೇಲೆ ಸೂಜಿ ಹಾಕಿದರೆ ಅದರಡಿಯ ಮೀಡಿಯನ್ ನರ ಎಚ್ಚರಗೊಳ್ಳುತ್ತದೆ. ಆ ಸಂದೇಶ ಬೆನ್ನುಹುರಿ ಹತ್ತಿ, ಮೆದುಳಿನ ಹೈಪೊಥಾಲಮಸ್ ಮತ್ತು ನಡುಮೆದುಳನ್ನು ಹಾದು ಆರ್‌ವಿಎಲ್‌ಎಂಗೆ ಇಳಿಯುತ್ತದೆ. ಅಲ್ಲಿ ಎನ್‌ಕೆಫಾಲಿನ್ ಎಂಬ, ದೇಹವೇ ತಯಾರಿಸುವ ಅಫೀಮಿನ ಜಾತಿಯ ರಾಸಾಯನಿಕ ಬಿಡುಗಡೆಯಾಗಿ ಆ ನರಕೋಶಗಳನ್ನು ತಣ್ಣಗೆ ಮಾಡುತ್ತದೆ. ಪ್ರಾಣಿಗಳಲ್ಲಿ ಅಫೀಮಿನ ಪರಿಣಾಮ ತಡೆಯುವ ನಲೊಕ್ಸೋನ್ ಔಷಧಿಯನ್ನು ಅದೇ ಜಾಗಕ್ಕೆ ಕೊಟ್ಟಾಗ ಸೂಜಿಯ ಪರಿಣಾಮ ಅಡಗಿಹೋಯಿತು. ಇನ್ನೊಂದು ಮಾತು, ಕರೆಂಟ್ ನಿಧಾನವಾಗಿರಬೇಕು: ಸೆಕೆಂಡಿಗೆ ಎರಡು ಮಿಡಿತ. ಜೋರು ಮಾಡಿದರೆ ಜಾಸ್ತಿ ಇಳಿಯುತ್ತದೆ ಅಂತಲ್ಲ.

ಮನುಷ್ಯರ ಮೇಲೆ? ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಲಾಂಗ್‌ಹರ್ಸ್ಟ್ ತಂಡ 2015ರಲ್ಲಿ 65 ಜನರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ವಾರಕ್ಕೊಮ್ಮೆ 30 ನಿಮಿಷ, 8 ವಾರ. ಮಣಿಕಟ್ಟು ಮತ್ತು ಮೊಣಕಾಲ ಕೆಳಗೆ ಚುಚ್ಚಿಸಿಕೊಂಡ 33 ಜನರಲ್ಲಿ ಸುಮಾರು 70% ಮಂದಿಗೆ ಇಳಿಯಿತು, ಮೇಲಿನ ಅಂಕಿ 4ರಿಂದ 13ರವರೆಗೆ, ಮತ್ತು ಅದು ಒಂದೂವರೆ ತಿಂಗಳು ಉಳಿಯಿತು. ಬೇರೆ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ಅಂಥ ಬದಲಾವಣೆ ಇಲ್ಲ. ಆದರೆ ಇವರೆಲ್ಲ ಮಾತ್ರೆ ತಿನ್ನದವರು, ಬಿಪಿಯೂ ವಿಪರೀತ ಇದ್ದವರಲ್ಲ. ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಂತೂ, ಎಲ್ಲ ಬಗೆಯ ಅಕ್ಯುಪಂಕ್ಚರ್ ಪರೀಕ್ಷೆಗಳನ್ನು ಒಟ್ಟಿಗೆ ನೋಡಿ, ಬಹುಕಾಲ ನಿಲ್ಲುವ ಇಳಿಕೆಗೆ ಪುರಾವೆ ಇಲ್ಲ ಎಂದಿತು. ನನಗೆ ಎರಡೂ ಮುಖ್ಯ ಅನಿಸುತ್ತದೆ.

ಚಿಕಿತ್ಸೆಗೆ ಹೋದಾಗ ಕೊಡುವವರ ಓದು ಕೇಳಿ. ಬಿಎನ್‌ವೈಎಸ್ ಪದವಿ ಓದಿದ ಪ್ರಕೃತಿ ಚಿಕಿತ್ಸೆ ವೈದ್ಯರು ಅಕ್ಯುಪಂಕ್ಚರ್ ಕಲಿತಿರುತ್ತಾರೆ. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಕರೆಂಟ್ ಬಿಟ್ಟಾಗ ಮಿಡಿದ ಹಾಗೆ, ಜುಮ್ಮೆಂದ ಹಾಗೆ ಆಗುತ್ತದೆ. ನೋವಾದರೆ ತಡೆದುಕೊಂಡು ಮಲಗಬೇಡಿ, ಹೇಳಿ. ಎದ್ದ ಕೂಡಲೇ ಬೈಕ್ ಹತ್ತಬೇಡಿ, ಕೆಲವರಿಗೆ ತಲೆ ತಿರುಗುತ್ತದೆ. ಆನ್‌ಲೈನ್‌ನಲ್ಲಿ ಮೆಷಿನ್ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳುವ ಸಾಹಸವಂತೂ ಬೇಡ.

ಎಂಟು ವಾರದ ಮೇಲೆ ಮತ್ತೆ ಒಂದು ವಾರ ಅದೇ ಕುರ್ಚಿ, ಅದೇ ಹೊತ್ತು, ಅದೇ ತೋಳಲ್ಲಿ ನೋಡಿ. ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವುದೋ ಬೇಡವೋ ಡಾಕ್ಟರು ಹೇಳಲಿ. ಏನೂ ಇಳಿದಿಲ್ಲ ಅಂದರೆ ವಾರ ವಾರ ಘಟ್ಟ ಹತ್ತಿ ಹುಬ್ಬಳ್ಳಿಗೆ ಓಡುವ ಬಸ್ಸಿನ ದುಡ್ಡು ಉಳಿಸಿ. ನಡುವೆ ಯಾವಾಗಲಾದರೂ 180/120 ದಾಟಿ, ಎದೆನೋವು, ಉಸಿರುಕಟ್ಟು ಅಥವಾ ಮಾತು ತೊದಲುವುದು ಕಂಡರೆ ಸೂಜಿಯ ವಿಚಾರ ಬಿಟ್ಟು ತಕ್ಷಣ 108ಕ್ಕೆ ಫೋನ್ ಮಾಡಿ.