ಮ್ಯಾಜಿಕ್ ಕಿಂಗ್‌ಡಮ್: ಐದು ವರ್ಷದ್ದು, ಎರಡು ವರ್ಷದ್ದು, ಜತೆಗೆ ಅಜ್ಜ-ಅಜ್ಜಿ

ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಚಿಕ್ಕ ಮಕ್ಕಳೊಂದಿಗೆ ಹೊರಟವರಿಗೆಲ್ಲ ಸಿಗುವ ಸಲಹೆ ಒಂದೇ: ಮಧ್ಯಾಹ್ನ ಹೋಟೆಲಿಗೆ ಬಂದು ಮಲಗಿಸಿ, ಸಂಜೆ ಮತ್ತೆ ಹೋಗಿ. ಹೊರಗಿನ ಹೋಟೆಲಿನಲ್ಲಿ ಇಳಿದುಕೊಂಡವರಿಗೆ, ಅಲ್ಲಿನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಮಟ್ಟಿಗೆ ಇದು ಆಗದ ಮಾತು. ಅಲ್ಲಿ ಕಾರು ನಿಲ್ಲಿಸುವುದು ಪಾರ್ಕಿನ ಬಾಗಿಲಲ್ಲಲ್ಲ, ಕೆರೆಯ ಆಚೆ ದಡದಲ್ಲಿ. ಬ್ಯಾಗ್ ತಪಾಸಣೆ ಮುಗಿಸಿ ಮೋನೊರೈಲ್ ಅಥವಾ ಫೆರಿ ಹಿಡಿಯಬೇಕು. ಕಾರಿನಿಂದ ಗೇಟಿಗೆ ನಾವು 45 ನಿಮಿಷದಿಂದ ಒಂದು ತಾಸು ಲೆಕ್ಕ ಹಾಕುತ್ತೇವೆ. ವಾಪಸ್ ಹೊರಟರೆ ಮಗು ಕಾರಿನಲ್ಲೇ ನಿದ್ದೆಹೋಗಿ, ರೂಮು ತಲುಪುವಷ್ಟರಲ್ಲಿ ಎದ್ದು ಕೂತಿರುತ್ತದೆ. ಹಾಗಾಗಿ ನಮ್ಮ ಲೆಕ್ಕ ಬೇರೆ: ಗೇಟು ತೆರೆದಾಗಿನಿಂದ ಮೂರೂವರೆವರೆಗೆ ಒಂದೇ ಪಾಳಿ, ನಿದ್ದೆ ಸ್ಟ್ರೋಲರಿನಲ್ಲೇ (ಮಗುವಿನ ತಳ್ಳುಗಾಡಿ), ಮರುದಿನ ಯಾವ ಪಾರ್ಕೂ ಇಲ್ಲ.

ಎಲ್ಲಿಂದ ಬರುತ್ತೀರಿ ಎನ್ನುವುದರ ಮೇಲೂ ದಿನ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಮಗುವಿಗೆ ಒರ್ಲ್ಯಾಂಡೊದ ಬೆಳಗಿನ 7 ಗಂಟೆ ಅಂದರೆ ನಸುಕಿನ 4. ಮೊದಲ ದಿನವೇ ಎಬ್ಬಿಸಿ ಓಡಿಸಿದರೆ ಹತ್ತು ಗಂಟೆಗೆ ರಂಪ ಖಚಿತ. ಬೆಂಗಳೂರಿನಿಂದ ಬಂದವರದು ತದ್ವಿರುದ್ಧ. ಮಕ್ಕಳೂ ಅಜ್ಜ-ಅಜ್ಜಿಯೂ ರಾತ್ರಿ ಮೂರಕ್ಕೇ ಕಣ್ಣು ಬಿಡುತ್ತಾರೆ, ಸಂಜೆ ಐದಕ್ಕೆ ತೂಕಡಿಸುತ್ತಾರೆ. ಅವರಿಗೆ ಬೆಳಗಿನ ಪಾಳಿ ಸಲೀಸು. ರಾತ್ರಿಯ ಬಾಣಬಿರುಸಿನ ಆಸೆ ಮಾತ್ರ ಬಿಡಬೇಕು.

ಗೇಟು ತೆರೆದ ಕೂಡಲೇ ಚಿಕ್ಕ ಮಕ್ಕಳ ರೈಡುಗಳಿರುವ ಫ್ಯಾಂಟಸಿಲ್ಯಾಂಡ್‌ಗೆ, ಅಲ್ಲೂ ಮೊದಲು ಪೀಟರ್ ಪ್ಯಾನ್ ರೈಡಿಗೆ. ಅದರ ಪುಟ್ಟ ಹಡಗಿನಲ್ಲಿ ಇಬ್ಬರು ಮೂವರಷ್ಟೇ ಕೂರುವುದರಿಂದ ಸಾಲು ಬೇಗ ಕರಗುವುದಿಲ್ಲ. ಹಾರುವ ಆನೆಗಳ ರೈಡು ಡಂಬೊಗೆ ಆಮೇಲೆ ಹೋದರೂ ನಡೆಯುತ್ತದೆ. ಅಲ್ಲಿ ಎರಡು ಚಕ್ರಗಳಿವೆ.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ, ಕೆಲವು ರೈಡುಗಳಿಗೆ ಕನಿಷ್ಠ ಎತ್ತರ ಬೇಕು. ಬಾರ್ನ್‌ಸ್ಟಾರ್ಮರ್‌ಗೆ 35 ಇಂಚು, ಸೆವೆನ್ ಡ್ವಾರ್ಫ್ಸ್ ಗಣಿ ರೈಲಿಗೆ 38, ಸ್ಪೇಸ್ ಮೌಂಟನ್‌ಗೆ 44. ಅರ್ಧ ಇಂಚು ಕಮ್ಮಿಯಿದ್ದರೂ ಬಿಡುವುದಿಲ್ಲ, ಗೋಗರೆದು ಪ್ರಯೋಜನವಿಲ್ಲ. ದೊಡ್ಡದಕ್ಕೆ ಸಾಕು, ಚಿಕ್ಕದಕ್ಕೆ ಸಾಲದು ಅನ್ನುವಾಗ ರೈಡರ್ ಸ್ವಿಚ್, ಅಂದರೆ ಅಪ್ಪ-ಅಮ್ಮ ಸರದಿಯಲ್ಲಿ ಹೋಗುವ ಸೌಲಭ್ಯ, ಕೇಳಿ. ಇಡೀ ಮನೆಯವರು ಸಾಲಿನ ಬಾಗಿಲಲ್ಲಿ ಒಟ್ಟಿಗೆ ನಿಂತು ಕೇಳಬೇಕು, ಚಿಕ್ಕವರು ಎದುರಿಗೇ ಇರಬೇಕು. ಅಪ್ಪ ದೊಡ್ಡದರೊಂದಿಗೆ ಸಾಲು ನಿಂತು ಹೋಗಿಬಂದ ಮೇಲೆ ಅಮ್ಮ ಮತ್ತೆ ಆ ಸಾಲು ನಿಲ್ಲಬೇಕಿಲ್ಲ. ದೊಡ್ಡದಕ್ಕೆ ಅಮ್ಮನ ಜೊತೆ ಇನ್ನೊಂದು ಸುತ್ತು ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಭೂತಬಂಗಲೆಯ ರೈಡು ಹಾಂಟೆಡ್ ಮ್ಯಾನ್ಷನ್‌ಗೆ ಎತ್ತರದ ಕಟ್ಟಿಲ್ಲ, ಆದರೆ ಕತ್ತಲಿಗೆ ಹೆದರುವ ಮಗುವಿಗೆ ಅದು ಬೇಡ. ಅಲ್ಲಿ ಹೆದರಿದ್ದು ಮುಂದೆ ಯಾವ ಬಾಗಿಲೊಳಗೂ ಕಾಲಿಡುವುದಿಲ್ಲ.

ಸ್ಟ್ರೋಲರನ್ನು ಮನೆಯಿಂದಲೇ ಒಯ್ಯಿರಿ. ಒಳಗೆ ಬಾಡಿಗೆಗೆ ಸಿಗುವುದು ಗಟ್ಟಿ ಪ್ಲಾಸ್ಟಿಕ್ಕಿನದು, ಬೆನ್ನು ಬಾಗುವುದಿಲ್ಲ. ಅದರಲ್ಲಿ ನಿದ್ದೆ ಬರುವುದಾದರೂ ಹೇಗೆ? ನೀವು ಒಯ್ಯುವುದು ಅಗಲ 31, ಉದ್ದ 52 ಇಂಚು ದಾಟಬಾರದು. ಐದು ವರ್ಷದ್ದೂ ಹನ್ನೊಂದರ ಮೇಲೆ ಕಾಲು ನೋವೆನ್ನುತ್ತದೆ, ಅದಕ್ಕೆ ಜೋಡಿ ಸೀಟಿನದೇ ಮೇಲು. ನಾವು ರೈಡಿನಲ್ಲಿದ್ದಾಗ ಸಿಬ್ಬಂದಿ ಸ್ಟ್ರೋಲರುಗಳನ್ನು ಸರಿಸಿ ಸಾಲಾಗಿ ಜೋಡಿಸಿಬಿಡುತ್ತಾರೆ. ಹಿಡಿಗೆ ಕೆಂಪು ರವಿಕೆ ಬಟ್ಟೆಯ ತುಂಡು ಕಟ್ಟಿಡಿ, ಇಲ್ಲದಿದ್ದರೆ ಮದುವೆ ಛತ್ರದ ಮುಂದೆ ಚಪ್ಪಲಿ ಹುಡುಕಿದ ಹಾಗೆ ಆಗುತ್ತದೆ.

ಊಟ ಹನ್ನೊಂದಕ್ಕೇ ಮುಗಿಯಬೇಕು. ಹೊರಗಿನ ತಿಂಡಿ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಡಬ್ಬಿ, ಬಿಡಿ ಐಸು ಮಾತ್ರ ಕೂಡದು. ಮೊಸರನ್ನ ಒಯ್ಯುವುದಾದರೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿ, ಐಸ್ ಪ್ಯಾಕಿನ ಜೊತೆಗಿಡಿ. ಇಲ್ಲವಾದರೆ ಫ್ಲಾರಿಡಾದ ಬಿಸಿಲಿಗೆ ಹತ್ತು ಗಂಟೆಗೇ ಹುಳಿ. ಚಪಾತಿ ರೋಲೇ ವಾಸಿ. ಕೌಂಟರುಗಳಲ್ಲಿ ಕೇಳಿದರೆ ಐಸ್ ನೀರು ಪುಕ್ಕಟೆ. ಮಗುವಿನ ಊಟ ಬಿಸಿ ಮಾಡಬೇಕೆಂದರೆ ಮೇನ್ ಸ್ಟ್ರೀಟಿನ ಕೊನೆಯಲ್ಲಿ, ಎಡಗಡೆ, ಬೇಬಿ ಕೇರ್ ಸೆಂಟರ್ ಇದೆ. ಮೈಕ್ರೋವೇವ್, ಹಾಲೂಡಿಸುವ ಕೋಣೆ, ಎತ್ತರದ ಕುರ್ಚಿ ಎಲ್ಲ ಅಲ್ಲಿವೆ.

ಹನ್ನೆರಡರಿಂದ ಎರಡೂವರೆವರೆಗೆ ಸಾಲು ನಿಲ್ಲುವುದೇ ಇಲ್ಲ. ಅಜ್ಜ-ಅಜ್ಜಿ ಹಾಲ್ ಆಫ್ ಪ್ರೆಸಿಡೆಂಟ್ಸ್‌ನಲ್ಲೋ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್‌ನಲ್ಲೋ ಎಸಿಯಲ್ಲಿ ಕೂರುತ್ತಾರೆ. ಇಪ್ಪತ್ತು ನಿಮಿಷದ ಆಟ, ಕತೆ ತಿಳಿಯದಿದ್ದರೂ ಕಾಲಿಗೆ ವಿಶ್ರಾಂತಿ. ಆಗ ಚಿಕ್ಕದನ್ನು ನೆರಳಿನಲ್ಲಿ ತಳ್ಳುತ್ತಾ ಮಲಗಿಸುತ್ತೇವೆ. ಸ್ಟ್ರೋಲರಿನ ಮೇಲೆ ದಪ್ಪ ಹೊದಿಕೆ ಮುಚ್ಚಬೇಡಿ, ಒಳಗೆ ಶಾಖ ಕೂಡುತ್ತದೆ. ತೆಳು ಹತ್ತಿಯ ಬಟ್ಟೆ, ಒಂದು ಬದಿ ತೆರೆದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೆಚ್ಚುಕಡಿಮೆ ದಿನಚರಿಯೇ. ಮಿಂಚು ಹತ್ತಿರ ಬಂದರೆ, ಹನಿ ಬೀಳುವ ಮೊದಲೇ, ಬಯಲಿನ ರೈಡುಗಳು ನಿಲ್ಲುತ್ತವೆ. ಅದಕ್ಕೇ ಡಂಬೊ, ಬಾರ್ನ್‌ಸ್ಟಾರ್ಮರ್ ಬೆಳಿಗ್ಗೆಯೇ ಆಗಬೇಕು. ಇಟ್ಸ್ ಎ ಸ್ಮಾಲ್ ವರ್ಲ್ಡ್, ವಿನ್ನಿ ದಿ ಪೂಹ್ ಸೂರಿನಡಿಯವು, ಮಳೆಗೆ ಉಳಿಸಿಡಿ. ರೇನ್‌ಕೋಟು ಮನೆಯಿಂದಲೇ ತನ್ನಿ.

ಮೂರೂವರೆಗೆ ಹೊರಡುವಾಗ ಫೆರಿಯೇ ಸುಖ. ಸ್ಟ್ರೋಲರ್ ಮಡಚಬೇಕಿಲ್ಲ, ಮಲಗಿದ್ದು ಏಳುವುದಿಲ್ಲ. ಕಾರು ನಿಲ್ಲಿಸಿದ ವಿಭಾಗಕ್ಕೆ ಸಿಂಬಾ, ಜಾಫರ್ ಅಂತೆಲ್ಲ ಪಾತ್ರಗಳ ಹೆಸರಿರುತ್ತದೆ. ಹೆಸರು ದೊಡ್ಡದಕ್ಕೆ ನೆನಪಿರುತ್ತದೆ, ಸಾಲಿನ ಸಂಖ್ಯೆಯ ಫೋಟೊ ಬೆಳಿಗ್ಗೆಯೇ ತೆಗೆದಿಟ್ಟುಕೊಳ್ಳಿ.