ಇಂಧನದ ಬೆಳೆಗೆ ಮುಂಚೆ ಅಲ್ಲೇನಿತ್ತು?

ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆಂದು ಮೆಕ್ಕೆಜೋಳ ಹೆಚ್ಚಿದ ಪ್ರದೇಶದಲ್ಲಿ ಮಣ್ಣು, ನೀರು, ಜೇನುನೊಣಗಳಿಗೆ ಏನಾಯಿತು ಅಂತ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಳ್ಳೇದೋ ಕೆಟ್ಟದ್ದೋ, ಒಂದೇ ಮಾತಲ್ಲಿ ಹೇಳಿ ಅನ್ನುವವರೇ ಎಲ್ಲ. ನಾನು ಶುರು ಮಾಡಿದ್ದು ಬೆಳೆಯಿಂದಲ್ಲ, ಅದಕ್ಕೂ ಮುಂಚೆ ಆ ನೆಲದಲ್ಲಿ ಏನಿತ್ತು ಅನ್ನುವುದರಿಂದ.

ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೇ ಚಿತ್ರಗಳು 2008ರಿಂದ ಪುಕ್ಕಟೆ ಸಿಗುತ್ತವೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 30 ಮೀಟರ್ ಚೌಕ. ಕಾಡು ಕಡಿದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ತಲೆನೋವು ಹುಲ್ಲುಗಾವಲಿನದು. ಒಂದೇ ದಿನದ ಚಿತ್ರ ನೋಡಿದರೆ ಹಳೇ ಹುಲ್ಲುಗಾವಲೂ ಬೀಳುಬಿದ್ದ ಹೊಲವೂ ಒಂದೇ ಥರ ಹಸಿರು. ಎರಡನ್ನೂ 'ಖಾಲಿ ಜಾಗ' ಅಂತ ಬರೆದುಬಿಟ್ಟರೆ ಕೆಲಸ ಬೇಗ ಮುಗಿಯುತ್ತೆ, ಆದರೆ ನಷ್ಟವೆಲ್ಲ ಅದರೊಳಗೇ ಮುಚ್ಚಿಹೋಗುತ್ತೆ.

ಹಾಗಾಗಿ ಒಂದೊಂದು ತುಂಡು ನೆಲಕ್ಕೂ ಹಲವು ವರ್ಷಗಳ ಎನ್‌ಡಿವಿಐ, ಅಂದರೆ ಹಸಿರಿನ ಅಳತೆಯನ್ನು, ಗೆರೆಯಾಗಿ ಎಳೆದು ನೋಡಿದೆ. ಉಳುವ ಹೊಲದ ಗೆರೆ ಚೂಪಾಗಿ ಏರಿ, ಕಟಾವಾದ ಕೂಡಲೇ ದಿಢೀರನೆ ಇಳಿಯುತ್ತದೆ. ಹುಲ್ಲುಗಾವಲಿನದು ಒಣಗುವ ಕಾಲದಲ್ಲೂ ನಿಧಾನಕ್ಕೆ ಬಾಗುತ್ತದೆ. ಬೀಳು ಹೊಲ ಈಗ ಹುಲ್ಲಿನ ಹಾಗೇ ಕಂಡರೂ ಹಿಂದಿನ ವರ್ಷಗಳ ಗೆರೆಯಲ್ಲಿ ಉಳುಮೆಯ ಗುರುತು ಸಿಕ್ಕಿಬೀಳುತ್ತದೆ. ಆಮೇಲೂ ಅನುಮಾನ ಉಳಿದ ಕಡೆ ನಡೆದು ಹೋಗಿ ನೋಡಿದೆ. ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿಜ್ಞಾನಿ ಫಾರ್ಜಿಯೋನ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟಿದ್ದರು. ಅಮೆರಿಕದ ಹುಲ್ಲುಗಾವಲು ಉತ್ತು ಎಥೆನಾಲಿಗೆ ಮೆಕ್ಕೆಜೋಳ ಬೆಳೆದರೆ, ನೆಲದಿಂದ ಹೊರಬಿದ್ದ ಇಂಗಾಲದ ಸಾಲ, ಪೆಟ್ರೋಲ್ ಬದಲು ಎಥೆನಾಲ್ ಸುಟ್ಟು ಆಗುವ ಉಳಿತಾಯದಿಂದ ತೀರಲು 93 ವರ್ಷ. ಕೃಷಿ ಬಿಟ್ಟ ಜಮೀನಾದರೆ 48. ಇಂಡೋನೇಷ್ಯಾ, ಮಲೇಷ್ಯಾದ ಪೀಟ್ ಕಾಡು, ಅಂದರೆ ಅರೆಕೊಳೆತ ಗಿಡಮರ ತುಂಬಿದ ಜೌಗು ನೆಲದ ಕಾಡು, ತೆಗೆದು ಇಂಧನಕ್ಕೆ ಎಣ್ಣೆತಾಳೆ ಹಾಕಿದರೆ 400ಕ್ಕೂ ಜಾಸ್ತಿ!

ನಕ್ಷೆ ಸಿದ್ಧವಾದ ಮೇಲೆ, ಪ್ರಕೃತಿಯಿಂದ ನಮಗೆ ಸಿಗುವ ಪ್ರಯೋಜನಗಳ ಲೆಕ್ಕ ಹಾಕುವ 'ಇನ್ವೆಸ್ಟ್' ಸಾಫ್ಟ್‌ವೇರ್‌ಗೆ ಹಾಕಿದೆ. ಇದೂ ಪುಕ್ಕಟೆಯೇ. ಇಂಗಾಲ, ಮಣ್ಣಿನ ಸವಕಳಿ, ಹೊಳೆ ಸೇರುವ ಸಾರಜನಕ, ಪರಾಗಸ್ಪರ್ಶ, ಒಂದೊಂದಕ್ಕೂ ಬೇರೆ ಮಾಡೆಲ್. ಬಟನ್ ಒತ್ತುವುದು ಸುಲಭ, ನಾವು ತುಂಬಿ ಕೊಡುವ ಕೋಷ್ಟಕದಲ್ಲೇ ಎಲ್ಲ ಇರೋದು. ಸವಕಳಿಯ ಲೆಕ್ಕದಲ್ಲಿ ನೆಲದ ಹೊದಿಕೆಗೆ ಒಂದು ಅಂಕಿ ಕೊಡಬೇಕು. ದಟ್ಟ ಹುಲ್ಲಿಗೆ ಅದು ಸೊನ್ನೆಯ ಹತ್ತಿರ, ಮೆಕ್ಕೆಜೋಳದಂಥ ಸಾಲುಬೆಳೆಗೆ ಅದರ ಹತ್ತಾರು ಪಟ್ಟು. ಬೀಳು ಯಾವುದು ಹುಲ್ಲುಗಾವಲು ಯಾವುದು ಅನ್ನುವುದು ತಪ್ಪಿದರೆ ಇಲ್ಲೇ ಎಲ್ಲ ತಲೆಕೆಳಗು.

ಫಲಿತಾಂಶವನ್ನೆಲ್ಲ ಹಣಕ್ಕೆ ತಿರುಗಿಸಿ ಒಂದೇ ಅಂಕಿ ಮಾಡಿಕೊಡಿ ಅಂದರು ಕೆಲಸ ಒಪ್ಪಿಸಿದವರು. ಒಪ್ಪಲಿಲ್ಲ. ಇಂಧನದಿಂದ ಲಾಭ ಕಾಣುವವರು ಒಬ್ಬರು, ಕೆಳಗಡೆ ಆ ಹೊಳೆಯ ನೀರು ಕುಡಿಯುವವರು ಇನ್ನೊಬ್ಬರು. ಕೂಡಿ ಕಳೆದರೆ ಎರಡನೆಯವರು ಲೆಕ್ಕದಿಂದಲೇ ಮಾಯ, ಅಲ್ವಾ?

ಮೆಕ್ಕೆಜೋಳದ ಬದಲು ಸ್ವಿಚ್‌ಗ್ರಾಸ್, ಮಿಸ್ಕಾಂಥಸ್‌ನಂಥ ಬಹುವಾರ್ಷಿಕ ಹುಲ್ಲನ್ನೂ ಮಾಡೆಲ್‌ನಲ್ಲಿ ಹಾಕಿ ನೋಡಿದೆ. ಪ್ರತಿ ವರ್ಷ ಉಳಬೇಕಾಗಿಲ್ಲ, ಬೇರು ಆಳ. ಹೊಳೆದಂಡೆಯ ಹೊಲಗಳಲ್ಲಿ ಹಾಕಿದಾಗ ನೀರಿಗೆ ಸೇರುವ ಸಾರಜನಕ ಎದ್ದು ಕಾಣುವಷ್ಟು ಇಳಿಯಿತು. ಹಳೇ ಹುಲ್ಲುಗಾವಲು ಕಿತ್ತು ಅದನ್ನೇ ನೆಟ್ಟರೆ ಮಾತ್ರ ಲಾಭ ಅಷ್ಟಕ್ಕಷ್ಟೆ.

ಇನ್ನೊಂದು ಸಂಗತಿ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಊಟಕ್ಕೋ ಮೇವಿಗೋ ಇದ್ದ ಕಾಳು ಇಂಧನಕ್ಕೆ ಹೋದರೆ, ಆ ಕೊರತೆ ತುಂಬಲು ಇನ್ನೆಲ್ಲೋ ಕಾಡು ಬೀಳಬಹುದು. ಅದಕ್ಕೆ ಮಾರುಕಟ್ಟೆಯ ಮಾಡೆಲ್ ಬೇಕು, ಊಹೆ ಸ್ವಲ್ಪ ಬದಲಾದರೂ ಉತ್ತರ ಬದಲಾಗುತ್ತೆ. ಅದಕ್ಕೇ ಅದನ್ನು ನೇರ ಲೆಕ್ಕಕ್ಕೆ ಬೆರೆಸದೆ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ವರದಿಯಲ್ಲಿ ಬೇರೆಯೇ ಪುಟ ಮಾಡಿ ಇಟ್ಟೆ.