ಪಾಳುಬಿದ್ದ ಏರುಮಡಿಗಳನ್ನು ಬಿತ್ತನೆಗೆ ಅಣಿಗೊಳಿಸಿದ ಬಗೆ

ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಸೈಜುಗಲ್ಲು ಜೋಡಿಸಿ ಕಟ್ಟಿಸಿದ ನಾಲ್ಕು ಏರುಮಡಿಗಳಿವೆ, ಅಂದರೆ ನೆಲದಿಂದ ಎತ್ತರಿಸಿದ ತರಕಾರಿ ಪಾತಿಗಳು. 2024ರ ಬೇಸಿಗೆಯಲ್ಲಿ ನಗರಕ್ಕೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಳಿಯು ಮಾರ್ಚ್ ತಿಂಗಳಲ್ಲಿ ಆದೇಶ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ಆಗ ಕೈಬಿಟ್ಟ ಮಡಿಗಳತ್ತ, ಮನೆಯ ಹಿರಿಯರ ಆರೈಕೆಯ ನಡುವೆ, ಮಳೆ ಬಂದ ಮೇಲೂ ಗಮನ ಕೊಡಲಾಗಲಿಲ್ಲ. ಮತ್ತೆ ಕೆಲಸಕ್ಕೆ ಇಳಿಯುವ ಹೊತ್ತಿಗೆ ಮಣ್ಣು ಕಲ್ಲಿನ ಅಂಚಿನಿಂದ ಒಂದು ಗೇಣು ಕೆಳಗಿಳಿದಿತ್ತು. ಮೇಲೆಲ್ಲ ಕೊನ್ನಾರಿ, ಗರಿಕೆ ಮತ್ತು ಕಾಂಗ್ರೆಸ್ ಗಿಡ ಹಬ್ಬಿದ್ದವು.

ಹಳೆಯ ಮಣ್ಣನ್ನು ತೆಗೆದು ಹಾಕಿ ಒಂದು ಲೋಡು ಹೊಸ ಕೆಂಪುಮಣ್ಣು ತುಂಬಿಸಿ ಎಂದು ಹಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನಗರದಲ್ಲಿ ಲೋಡಿನ ಲೆಕ್ಕದಲ್ಲಿ ಸಿಗುವ ಮಣ್ಣು ಬಹುಮಟ್ಟಿಗೆ ಕಟ್ಟಡಗಳ ಪಾಯ ತೋಡುವಾಗ ಆಳದಿಂದ ಬಂದದ್ದು; ಅದರಲ್ಲಿ ಕೊಳೆತ ಎಲೆಯ ಅಂಶವಾಗಲಿ ಎರೆಹುಳುವಾಗಲಿ ಇರುವುದು ಅಪರೂಪ, ಒಣಗಿದರೆ ಹೆಂಟೆಗಟ್ಟುತ್ತದೆ. ಮಡಿಯ ಮಣ್ಣು ಕುಸಿಯುವುದು ಮುಖ್ಯವಾಗಿ ಅದರಲ್ಲಿದ್ದ ಗೊಬ್ಬರ ಕರಗಿ ಹೋಗುವುದರಿಂದ. ಮಣ್ಣು ಅಲ್ಲೇ ಇರುತ್ತದೆ, ಅದಕ್ಕೆ ಬೇಕಾದದ್ದು ಗಾಳಿ, ನೀರು ಇಳಿಯುವ ದಾರಿ ಮತ್ತು ಆಹಾರ. ಈ ಕ್ರಮದಲ್ಲೇ ಕೆಲಸ ಸಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಕೊನ್ನಾರಿ. ಅದನ್ನು ಗುದ್ದಲಿಯಿಂದ ಕೊಚ್ಚಬಾರದು, ಮೇಲಿನಿಂದ ಕೀಳಲೂಬಾರದು. ನೆಲದೊಳಗೆ ಅದರ ಗಡ್ಡೆಗಳು ಸರಕ್ಕೆ ಪೋಣಿಸಿದ ಮಣಿಗಳಂತೆ ತೆಳುವಾದ ಬಳ್ಳಿಯೊಂದರಲ್ಲಿ ಸಾಲಾಗಿರುತ್ತವೆ. ತುದಿಯ ಗಡ್ಡೆ ಬೆಳೆಯುತ್ತಿರುವವರೆಗೆ ಉಳಿದವು ಸುಮ್ಮನಿರುತ್ತವೆ, ಬಳ್ಳಿ ತುಂಡಾದರೆ ಒಂದೊಂದೂ ಬೇರೆ ಬೇರೆಯಾಗಿ ಚಿಗುರುತ್ತದೆ. ಆದ್ದರಿಂದ ಹಿಂದಿನ ಸಂಜೆ ನೀರು ಹನಿಸಿ ಮಣ್ಣನ್ನು ಹದ ಮಾಡಿಕೊಂಡು, ಮುಳ್ಳುಸನಿಕೆಯನ್ನು ಒಂದಡಿ ಆಳಕ್ಕೆ ಇಳಿಸಿ ಹೆಂಟೆಯನ್ನು ಮೆಲ್ಲಗೆ ಎಬ್ಬಿಸಿ, ಕೈಯಿಂದಲೇ ಪುಡಿ ಮಾಡುತ್ತಾ ಬಳ್ಳಿ ಸಮೇತ ಗಡ್ಡೆಗಳನ್ನು ಹೆಕ್ಕಿದೆ. ಕೊನೆಗೆ ಮೇಲಿನ ಅರ್ಧ ಅಡಿ ಮಣ್ಣನ್ನು ಮರಳು ಸೋಸುವ ಜರಡಿಯಲ್ಲಿ ಹಾಯಿಸಿದೆ. ಕಪ್ಪು ಸಿಪ್ಪೆಯ, ಒಡೆದರೆ ಒಳಗೆ ಬೆಳ್ಳಗಿರುವ, ಮೂಗಿಗೆ ಕಟುವಾದ ಸುವಾಸನೆ ಬೀರುವ ಈ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ತಾರಸಿಯ ಬಿಸಿಲಿನಲ್ಲಿ ಸುಕ್ಕುಗಟ್ಟುವವರೆಗೆ ಒಣಗಿಸಿದೆ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿನ ಕಾವಿನಿಂದ ಕಳೆ ಕೊಲ್ಲುವ ವಿಧಾನವು ಸಣ್ಣ ಬೀಜಗಳ ಕಳೆಗೆ ಒಳ್ಳೆಯದಾದರೂ ಕೊನ್ನಾರಿಗೆ ಅದನ್ನೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಕಿತ್ತರೆ ಸಾಕು. ಅದು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ.

ಕಾಂಪೌಂಡಿನ ಪಕ್ಕದ ಮಡಿಯಲ್ಲಿ ಬೇರೊಂದು ತೊಂದರೆ ಇತ್ತು. ಮುಳ್ಳುಸನಿಕೆ ಇಳಿಯಲೇ ಇಲ್ಲ. ಆಚೆ ಬದಿಯ ಗಸಗಸೆ ಮರದ ಬೇರುಗಳು ತೇವವನ್ನು ಅರಸಿ ಅಡಿಯಿಂದ ಮೇಲೆದ್ದು, ಮಡಿಯ ತುಂಬ ಕಂದು ಬಣ್ಣದ ನಾರಿನ ಚಾಪೆ ಹೆಣೆದಿದ್ದವು. ಕಲ್ಲುಗಳ ಬುಡದಲ್ಲಿ ನೀರು ಹೊರಹೋಗಲು ಬಿಟ್ಟಿದ್ದ ಸಂದುಗಳೂ ಅವುಗಳಿಂದಲೇ ಮುಚ್ಚಿಹೋಗಿದ್ದವು. ಮಣ್ಣನ್ನು ಬಾಂಡ್ಲಿಯಲ್ಲಿ ತುಂಬಿ ಪಕ್ಕಕ್ಕೆ ಸುರಿದು, ಬೇರುಗಳನ್ನು ತಳಮಟ್ಟದಲ್ಲಿ ಕತ್ತರಿಸಿ, ಮಡಿಗೂ ಕಾಂಪೌಂಡಿಗೂ ನಡುವೆ ಒಂದೂವರೆ ಅಡಿ ಆಳದ ಕಿರಿದಾದ ಕಾಲುವೆ ತೋಡಿಸಿದೆ. ಮರ ಮತ್ತೆ ಬೇರು ಬಿಡುವುದು ಅದರ ಸಹಜ ಧರ್ಮವಾದ್ದರಿಂದ ವರ್ಷಕ್ಕೊಮ್ಮೆ ಆ ಕಾಲುವೆಯಲ್ಲಿ ಹಾರೆ ಆಡಿಸಬೇಕಾಗುತ್ತದೆ. ಬಳಿಕ ಪ್ರತಿ ಮಡಿಯಲ್ಲೂ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಿದೆ. ಎರಡನೆಯ ಸಲದ ನೀರು ಕೆಲವು ಗಂಟೆಗಳಲ್ಲಿ ಇಳಿಯದಿದ್ದರೆ, ಸೆಪ್ಟೆಂಬರಿನ ಜಡಿಮಳೆಯಲ್ಲಿ ಗಿಡಗಳ ಬೇರು ಕೊಳೆಯುವುದು ಖಂಡಿತ.

ಗೊಬ್ಬರ ಹಾಕುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿದೆ. ಪ್ರತಿ ಮಡಿಯ ಕೆಲವು ಕಡೆ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ತೋಡಿ, ಬದಿಯಿಂದ ತೆಳುವಾಗಿ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟನ್ನು ಕೊಟ್ಟೆ. ಸಾವಯವ ಇಂಗಾಲ ಕಡಿಮೆ, ರಂಜಕ ಸಾಕಷ್ಟು ಎಂದು ವರದಿ ಬಂದದ್ದರಿಂದ, ರಂಜಕಕ್ಕಾಗಿ ಹಾಕುವ ಮೂಳೆಪುಡಿಯ ಖರ್ಚು ಉಳಿಯಿತು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅಡುಗೆಮನೆಯ ಹಸಿ ಕಸದಿಂದ ಮನೆಯಲ್ಲೇ ಮಾಡಿದ ಕಾಂಪೋಸ್ಟ್, ಚದರ ಅಡಿಗೆ ಒಂದು ಹಿಡಿಗಿಂತ ಕಡಿಮೆ ಬೇವಿನ ಹಿಂಡಿ, ಇಷ್ಟನ್ನೇ ಮೇಲಿನ ಪದರದಲ್ಲಿ ಬೆರೆಸಿದೆ. ಕಳಿಯದ ಸಗಣಿಯನ್ನು ಹಾಕಿದರೆ ಗೊಣ್ಣೆಹುಳುಗಳನ್ನು ನಾವೇ ಕರೆದಂತೆ.

ಆಮೇಲೆ ತರಕಾರಿ ಹಾಕದೆ, ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿದೆ. ಅವಸರಪಡುವವರಿಗೆ ಇದು ಕಾಲಹರಣವೆನಿಸಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮಣ್ಣನ್ನು ನಿಜವಾಗಿ ಬದಲಿಸಿದ ಹಂತ ಇದೇ. ಮುಂಗಾರಿಗೆ ಮುಂಚಿನ ಕೃತ್ತಿಕೆ ಮಳೆಯ ತೇವದಲ್ಲಿ ಒತ್ತಾಗಿ ಚೆಲ್ಲಿದ ಬೀಜ ಬೇಗನೆ ಮೇಲೆದ್ದು, ಉಳಿದಿದ್ದ ಕೊನ್ನಾರಿಯ ಮೇಲೆ ನೆರಳು ಕವಿಸಿತು. ಒಂದು ಗಿಡವನ್ನು ಬೇರು ಸಮೇತ ಎತ್ತಿ ತೊಳೆದಾಗ ಬೇರಿನ ತುಂಬ ಸಣ್ಣ ಗಂಟುಗಳು ಕಂಡವು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಹಿಡಿದಿಡುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು, ಬೂದು ಅಥವಾ ಹಸಿರು ಇದ್ದರೆ ಕೆಲಸ ನಡೆಯುತ್ತಿಲ್ಲವೆಂದು ತಿಳಿಯಬೇಕು. ಹೂ ಕಾಣಿಸಿಕೊಳ್ಳುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಕಾಂಡ ಗಟ್ಟಿಯಾಗುವ ಮುಂಚೆ ಕತ್ತರಿಸಿ ಮಣ್ಣಿಗೆ ಮಗುಚಬೇಕು. ಅದು ಕೊಳೆಯಲು ಎರಡು ಮೂರು ವಾರ ಬಿಡುವುದು ಅಗತ್ಯ.

ಈಗ ಒಂದು ಮಡಿಯಲ್ಲಿ ದಂಟು ಮತ್ತು ಮೆಂತ್ಯ, ಇನ್ನೊಂದರಲ್ಲಿ ಬೆಂಡೆ ಇವೆ. ಟೊಮೆಟೊಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯನ್ನು ಆರಿಸಿದೆ. ಎಲೆಮುದುಡು ನಂಜು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ, ಈ ಮೂರು ರೋಗಗಳನ್ನೂ ತಡೆದುಕೊಳ್ಳುವ ತಳಿ ಅದು. ಬೇರುಗಂಟು ಜಂತುಗಳ ಕಾಟ ತಗ್ಗಲೆಂದು ಅದರ ಸಾಲಿನ ನಡುವೆ ಚೆಂಡುಹೂವು ನೆಟ್ಟಿದ್ದೇನೆ. ಕಾಲುವೆಯ ಪಕ್ಕದ ಮಡಿಯನ್ನು ಅವರೆಗೆ ಮೀಸಲಿಟ್ಟು, ಬೀದಿಯ ಮಳೆಮರದಿಂದ ಉದುರಿದ ಸಣ್ಣೆಲೆಗಳನ್ನು ಎರಡು ಅಂಗುಲ ದಪ್ಪಕ್ಕೆ ಹೊದಿಸಿದ್ದೇನೆ. ಆ ಹೊದಿಕೆ ತೆಳುವಾದಾಗಲೆಲ್ಲ ಮತ್ತೆ ಸೇರಿಸುವುದೊಂದೇ ಸದ್ಯದ ಕೆಲಸ.